ಮೋಸಹೋದವರ ಮಾತು

ಕಾಶಿಗೆ ಬಂದ ನಮ್ಮ ಕಡೆಯವರು ಹನುಮಾನ್ ಘಾಟಿನಿಂದ ಕರ್ನಾಟಕ ಘಾಟಿಗೆ, ಅಲ್ಲಿಂದ ಹರಿಶ್ಚಂದ್ರ ಘಾಟಿಗೆ ನಡೆದುಹೋಗುವುದು ವಾಡಿಕೆ. ಮೂರೂ ಒಂದರ ಪಕ್ಕದಲ್ಲೊಂದು ಇವೆ. ಹರಿಶ್ಚಂದ್ರ ಘಾಟು ಬಂತೆಂದರೆ ಸಾಕು, ಯಾರಾದರೊಬ್ಬರ ಬಾಯಲ್ಲಿ ರಾಘವಾಂಕನ ಹೆಸರು ಬರುತ್ತದೆ. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ತಂದ ಚಂದ್ರಮತಿಯನ್ನು ನೆನೆದು ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಈ ಊರಿನಲ್ಲಿ ಮೂವತ್ತು ವರ್ಷಗಳಿಂದ ಇರುವ ನಾನು ಆ ಕಥೆಯನ್ನು ಎಷ್ಟೋ ಸಲ ಕೇಳಿದ್ದೇನೆ, ಬಂದವರಿಗೆ ಹೇಳಿಯೂ ಇದ್ದೇನೆ. ಸತ್ಯಕ್ಕಾಗಿ ಕಷ್ಟಪಟ್ಟ ರಾಜನ ಕಥೆ ಅದು, ಸಂದೇಹವಿಲ್ಲ. ಆದರೆ ಅದರೊಳಗೆ ಒಂದು ಪೋಲೀಸು ಮೊಕದ್ದಮೆಯೂ ಅಡಗಿದೆ ಎಂಬುದನ್ನು ವಾಚಕರು ಗಮನಿಸಿದ್ದಾರೋ ಇಲ್ಲವೋ ಕಾಣೆ.

ಕಳ್ಳರು ಕಾಶೀರಾಜನ ಮಗನನ್ನು ಕೊಂದು ದಾರಿಯಲ್ಲಿ ಬಿಸುಟು ಹೋಗಿದ್ದಾರೆ. ಸುಡುಗಾಡಿನಲ್ಲಿ ಕೊಡಬೇಕಾದ ಸುಂಕಕ್ಕೆ ಹಣ ತರಲು ಹೊರಟ ಚಂದ್ರಮತಿ ಆ ಹೆಣದ ಬಳಿ ಸಿಕ್ಕಿಬೀಳುತ್ತಾಳೆ. ಕಾವಲಿನವರ ಕಣ್ಣಿಗೆ ಕಂಡದ್ದು ಇಷ್ಟೆ: ಸತ್ತ ಮಗು, ಅದರ ಬಳಿ ದಿಕ್ಕಿಲ್ಲದ ಒಬ್ಬ ಹೆಂಗಸು. ಇವಳೇ ಕೊಂದವಳೆಂದು ತೀರ್ಮಾನವಾಯಿತು. ತಲೆ ಹೊಡೆಯಲು ಅಪ್ಪಣೆಯೂ ಆಯಿತು. ತನ್ನ ಮಗನನ್ನೇ ಕಳೆದುಕೊಂಡವಳು ಪರರ ಮಗನನ್ನು ಕೊಂದ ಪಾತಕಿ ಎನಿಸಿಕೊಂಡಳು. ನೊಂದವಳಿಗೂ ನೋಯಿಸಿದವಳಿಗೂ ಇರುವ ವ್ಯತ್ಯಾಸ ಹೊರಗಿನಿಂದ ನೋಡಿದವರಿಗೆ ತಿಳಿಯಲಿಲ್ಲ. ಮುಖ ನೋಡಿ ಮನಸ್ಸನ್ನು ಓದಿಬಿಟ್ಟೆವೆಂಬ ಈ ಭ್ರಮೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಅಪರಾಧವನ್ನು ಮನಶ್ಶಾಸ್ತ್ರದ ಬೆಳಕಿನಲ್ಲಿ ನೋಡುವ ವಿದ್ಯೆ ಹುಟ್ಟಿದ್ದು ಈ ಭ್ರಮೆಯನ್ನು ಕಳೆಯುವುದಕ್ಕಾಗಿಯೇ ಎನ್ನಬಹುದು. ೧೮೯೩ರಲ್ಲಿ ಆಸ್ಟ್ರಿಯದ ಹಾನ್ಸ್ ಗ್ರೋಸ್ ಎಂಬ ನ್ಯಾಯಾಧಿಕಾರಿ ತನಿಖೆ ನಡೆಸುವವರಿಗಾಗಿ ಒಂದು ದೊಡ್ಡ ಕೈಪಿಡಿಯನ್ನು ಬರೆದನು. ೧೯೦೮ರಲ್ಲಿ ಹಾರ್ವರ್ಡಿನ ಹ್ಯೂಗೊ ಮುನ್‌ಸ್ಟರ್‌ಬರ್ಗ್ ಎಂಬ ಪಂಡಿತನು, ಪ್ರಾಮಾಣಿಕನಾದ ಸಾಕ್ಷಿಯ ನೆನಪೂ ತಪ್ಪಬಹುದು ಎಂದು ಪುಸ್ತಕ ಬರೆದು ವಕೀಲರ ಸಿಟ್ಟಿಗೆ ಗುರಿಯಾದನು. ಆಮೇಲೆ ಬಹುಕಾಲ ಪಂಡಿತರ ಗಮನವೆಲ್ಲ ಅಪರಾಧಿಯ ಮೇಲೆಯೇ ಇತ್ತು. ಕಳ್ಳನೇಕೆ ಕಳ್ಳನಾದ, ಕೊಲೆಗಾರನ ಬಾಲ್ಯ ಹೇಗಿತ್ತು ಎಂದು ವಿಚಾರಿಸಿದರೇ ಹೊರತು, ಕಳೆದುಕೊಂಡವರ ಗತಿ ಏನಾಯಿತೆಂದು ಕೇಳಿದವರು ವಿರಳ.

೧೯೪೮ರಲ್ಲಿ ಹಾನ್ಸ್ ಫಾನ್ ಹೆಂಟಿಗ್ ಎಂಬಾತನು ಅಪರಾಧಿಯ ಜೊತೆಗೆ ಅವನಿಗೆ ಬಲಿಯಾದವನನ್ನೂ ಅಭ್ಯಸಿಸಬೇಕೆಂದು ಬರೆದನು. ಬೆಂಜಮಿನ್ ಮೆಂಡೆಲ್‌ಸಾನ್ ಎಂಬ ವಕೀಲನು ಆ ಅಭ್ಯಾಸಕ್ಕೊಂದು ಹೆಸರನ್ನೇ ಕೊಟ್ಟನು. ಆದರೆ ವಿಚಿತ್ರ ನೋಡಿ: ನೊಂದವರ ಕಡೆಗೆ ತಿರುಗಿದ ಶಾಸ್ತ್ರವು ಅವರನ್ನು ಕೇಳಿದ ಮೊದಲ ಪ್ರಶ್ನೆಯೇ, 'ಇದರಲ್ಲಿ ನಿನ್ನ ತಪ್ಪೆಷ್ಟು?' ಎಂಬುದು. ೧೯೫೮ರಲ್ಲಿ ಮಾರ್ವಿನ್ ವುಲ್ಫ್‌ಗ್ಯಾಂಗ್ ಎಂಬಾತನು ಫಿಲಡೆಲ್ಫಿಯ ನಗರದ ೫೮೮ ಕೊಲೆಗಳನ್ನು ಪರಿಶೀಲಿಸಿ, ೧೫೦ರಲ್ಲಿ ಸತ್ತವನೇ ಮೊದಲು ಕೈಮಾಡಿದ್ದನೆಂದು ತೋರಿಸಿಕೊಟ್ಟನು. ಲೆಕ್ಕವೇನೋ ಸರಿ. ಜಗಳಗಂಟರ ವಿಷಯದಲ್ಲಿ ಅದಕ್ಕೆ ಅರ್ಥವೂ ಉಂಟು. ಆದರೆ ಮುಂದೆ ಬಂದವರು ಕೈಯೆತ್ತಿದವನ ಲೆಕ್ಕವನ್ನು ಕೈಮುಗಿದವಳ ಮೇಲೂ ಹೇರತೊಡಗಿದರು. ಎಚ್ಚರವಿಲ್ಲದವಳು, ಹೊತ್ತುಮೀರಿ ಹೊರಗೆ ಹೋದವಳು, ಅಪರಿಚಿತನನ್ನು ನಂಬಿದವಳು ಎಲ್ಲರೂ ತಪ್ಪಿನಲ್ಲಿ ಪಾಲುದಾರರಾದರು. ಈ ದೋಷವನ್ನು ತಿದ್ದಲು ಹತ್ತಾರು ವರ್ಷಗಳು ಹಿಡಿದವು. ೧೯೮೫ರಲ್ಲಿ ವಿಶ್ವಸಂಸ್ಥೆಯು ಅಪರಾಧಕ್ಕೆ ಬಲಿಯಾದವರನ್ನು ಅನುಕಂಪದಿಂದಲೂ ಗೌರವದಿಂದಲೂ ನಡೆಸಿಕೊಳ್ಳಬೇಕೆಂದು ಘೋಷಿಸಿತು.

ಈ ಗ್ರಂಥಗಳ ಮಾತು ನನಗೆ ಮನದಟ್ಟಾದದ್ದು ೨೦೧೮ರ ಕಾರ್ತಿಕ ಮಾಸದಲ್ಲಿ. ಶಿವಮೊಗ್ಗದ ಕಡೆಯಿಂದ ಬಂದ ಯಾತ್ರಿಕರ ಗುಂಪಿನಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ತಾಯಿ ಇದ್ದರು. ಗುಂಪಿನವರಿಗೂ ನಮ್ಮ ಮನೆಗೂ ದೂರದ ಬಳಕೆ. ಆದ್ದರಿಂದ ಒಂದು ಸಂಜೆ ಎಲ್ಲರೂ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು. ಎಲ್ಲರೂ ಉಂಡರು, ಈ ತಾಯಿ ಮಾತ್ರ ಎಲೆಯ ಮುಂದೆ ಕುಳಿತು ಅನ್ನವನ್ನು ಕಲಸುತ್ತಲೇ ಇದ್ದರು. ನನ್ನ ಹೆಂಡತಿ ಅವರನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿದ ಮೇಲೆ ಅಳು ಹೊರಬಂತು.

ಎರಡು ದಿನಗಳ ಹಿಂದೆ ಘಾಟಿನಲ್ಲಿ ನಲವತ್ತರ ಆಸುಪಾಸಿನ ಒಬ್ಬ ಮನುಷ್ಯ ಕನ್ನಡದಲ್ಲಿ ಮಾತಾಡಿಸಿದನಂತೆ. "ದೊಡ್ಡಮ್ಮಾ, ಯಾವೂರಾಯ್ತು? ಒಬ್ಬರೇ ಇಳೀಬೇಡಿ, ಪಾಚಿ ಇದೆ," ಎಂದು ಕೈಹಿಡಿದು ಮೆಟ್ಟಿಲು ಇಳಿಸಿದನಂತೆ. ನೂಕುನುಗ್ಗಲಿನಲ್ಲಿ ಬಂಗಾರ ಮೈಮೇಲೆ ಇರಬಾರದೆಂದು ಹೇಳಿ, ಎರಡು ಬಳೆಗಳನ್ನೂ ಸರವನ್ನೂ ಅವರ ಕಣ್ಣೆದುರಿನಲ್ಲೇ ಕರವಸ್ತ್ರದಲ್ಲಿ ಕಟ್ಟಿ ಅವರ ಚೀಲದಲ್ಲೇ ಇಟ್ಟನಂತೆ. ಸ್ನಾನ ಮುಗಿಸಿ ಗಂಟು ಬಿಚ್ಚಿದರೆ ಅದರಲ್ಲಿದ್ದದ್ದು ಗಂಗೆಯ ದಡದ ಕಲ್ಲು. ಆ ಬಳೆಗಳನ್ನು ಮೊಮ್ಮಗಳ ಮದುವೆಗೆಂದು ತೆಗೆದಿರಿಸಿದ್ದರಂತೆ.

"ಬಂಗಾರ ಹೋಯ್ತು ಅಂತ ಅಳ್ತಾ ಇಲ್ಲಮ್ಮ," ಎಂದರು ಆ ತಾಯಿ. "ದೊಡ್ಡಮ್ಮ ಅಂದ ಒಂದು ಮಾತಿಗೆ ಸೋತೆನಲ್ಲ! ಮಗನಿಗೆ ಏನು ಹೇಳಲಿ? ಇನ್ನು ಮೇಲೆ ನನ್ನನ್ನ ಒಬ್ಬಳೇ ಸಂತೆಗೂ ಕಳಿಸೋದಿಲ್ಲ."

ಗುಂಪಿನವರಿಗೆ ವಿಷಯ ತಿಳಿದ ಕೂಡಲೇ ಮಾತುಗಳು ಹೊರಟವು. ಅಷ್ಟೂ ಗೊತ್ತಾಗಲಿಲ್ಲವೇ? ಯಾತ್ರೆಗೆ ಬಂಗಾರ ಹಾಕಿಕೊಂಡು ಬರುವರೇ? ಗುರುತಿಲ್ಲದವನಿಗೆ ಬಿಚ್ಚಿ ಕೊಡುವರೇ? ಯಾರೂ ಕೆಟ್ಟವರಲ್ಲ, ಎಲ್ಲರೂ ಆಕೆಯ ಹಿತವನ್ನೇ ಬಯಸಿದವರು. ಆದರೆ ಕಳ್ಳನ ವಿಷಯವಾಗಿ ಒಂದು ಮಾತೂ ಅಲ್ಲಿ ಬರಲಿಲ್ಲ. ವಿಚಾರಣೆಯೆಲ್ಲ ಕಳೆದುಕೊಂಡವರದ್ದೇ ನಡೆಯಿತು. ಮೆಂಡೆಲ್‌ಸಾನನ ತಕ್ಕಡಿ ನಮ್ಮ ಪಡಸಾಲೆಯಲ್ಲೇ ತೂಗುತ್ತಿತ್ತು.

ಮನುಷ್ಯರು ಹೀಗೇಕೆ ಮಾಡುತ್ತಾರೆಂಬುದಕ್ಕೆ ಮನಶ್ಶಾಸ್ತ್ರಜ್ಞರು ಕೊಡುವ ಕಾರಣ ವಿಚಾರಾರ್ಹವಾಗಿದೆ. ಲೋಕದಲ್ಲಿ ಒಳ್ಳೆಯದಕ್ಕೆ ಒಳ್ಳೆಯದೂ ಕೆಟ್ಟದ್ದಕ್ಕೆ ಕೆಟ್ಟದ್ದೂ ಆಗುತ್ತದೆಂದು ನಂಬಿ ಬದುಕುವುದು ನಮಗೆ ಸಮಾಧಾನ. ತಪ್ಪಿಲ್ಲದವರಿಗೆ ಕೇಡಾದರೆ ಆ ನಂಬಿಕೆ ಅಲುಗಾಡುತ್ತದೆ. ನಾಳೆ ನಮಗೂ ಹೀಗೆ ಆಗಬಹುದೆಂಬ ಭಯ ಹುಟ್ಟುತ್ತದೆ. ಆಗ, ಆಕೆ ಎಚ್ಚರ ತಪ್ಪಿದಳು, ನಾವಾದರೆ ತಪ್ಪುತ್ತಿರಲಿಲ್ಲ ಎಂದುಕೊಂಡರೆ ಎದೆಗೆ ಧೈರ್ಯ ಬರುತ್ತದೆ. ನಮ್ಮ ಧೈರ್ಯಕ್ಕೆ ಬೆಲೆ ತೆರುವವರು ಮಾತ್ರ ನೊಂದವರು.

ಈ ಮಾತುಗಳನ್ನೆಲ್ಲ ಕೇಳಿದ ಮೇಲೆ ಆ ತಾಯಿ ಫಿರ್ಯಾದು ಕೊಡುವುದೇ ಬೇಡವೆಂದುಬಿಟ್ಟರು. ಮೋಸಗಾರನಿಗೆ ಬೇಕಾದದ್ದೂ ಅದೇ. ಎರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞನು ೧೯೫೨ರಲ್ಲಿ ಬರೆದ ಒಂದು ಲೇಖನದಲ್ಲಿ ಈ ಕಸುಬಿನ ಒಳಗುಟ್ಟನ್ನು ಬಿಚ್ಚಿದ್ದಾನೆ. ಟೋಪಿ ಹಾಕಿಸಿಕೊಂಡವನಿಗೆ ಹೋಗುವುದು ಹಣ ಮಾತ್ರವಲ್ಲ. ತಾನು ಚತುರನೆಂದು ತನ್ನ ಬಗ್ಗೆ ಇಟ್ಟುಕೊಂಡಿದ್ದ ಭಾವನೆಯೂ ಅದರೊಡನೆ ಹೋಗುತ್ತದೆ. ಅವನು ಗಲಾಟೆ ಮಾಡದಂತೆ ಸಮಾಧಾನಪಡಿಸುವುದಕ್ಕಾಗಿ ಅಲ್ಲಿಯ ವಂಚಕರ ತಂಡದಲ್ಲಿ ಒಬ್ಬನು ಹಿಂದೆಯೇ ನಿಲ್ಲುತ್ತಿದ್ದನಂತೆ. ನಮ್ಮಲ್ಲಿ ಅಂಥವನನ್ನು ನೇಮಿಸುವ ಖರ್ಚೇ ವಂಚಕನಿಗಿಲ್ಲ. ಬಂಧುಬಾಂಧವರ ನಾಲಗೆಯೇ ಆ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತದೆ.

ಮರುದಿನ ನನ್ನ ಹೆಂಡತಿ ಆ ತಾಯಿಯನ್ನು ಒಪ್ಪಿಸಿದಳು. ಮೂವರೂ ಒಂದು ಠಾಣೆಗೆ ಹೋದೆವು. ಮೊದಲು ಕಂಡವನು ಬರೆಯುವ ಮೇಜಿನ ಗುಮಾಸ್ತೆ. "ತಾವೇ ಬಿಚ್ಚಿ ಕೊಟ್ಟ ಮೇಲೆ ಕಳವು ಹೇಗಾಯಿತು?" ಎಂದು ನಕ್ಕನು. ಆ ತಾಯಿಗೆ ಹಿಂದಿ ಬಾರದು. ಆದರೂ ನಗು ಅರ್ಥವಾಯಿತು. ಸೆರಗನ್ನು ಹೊದ್ದು ಎದ್ದುನಿಂತರು. ಅಷ್ಟರಲ್ಲಿ ಒಳಗಿನಿಂದ ವಯಸ್ಸಾದ ಒಬ್ಬ ಸಬ್ ಇನ್‌ಸ್ಪೆಕ್ಟರು ಬಂದು ನಮ್ಮನ್ನು ತಮ್ಮ ಕೋಣೆಗೆ ಕರೆದರು. ಬಾಗಿಲು ಮುಂದೆ ಮಾಡಿ, ನೀರು ತರಿಸಿ, ನನ್ನ ಕಡೆಗೆ ತಿರುಗಿ ಹೇಳಿದರು: "ನಾನು ಕೇಳಿದಷ್ಟನ್ನೇ ನೀವು ಕನ್ನಡದಲ್ಲಿ ಕೇಳಬೇಕು. ಒಂದು ಮಾತೂ ಹೆಚ್ಚಿಸಬೇಡಿ. ಅವರು ಹೇಳಿದ್ದನ್ನು ಚಂದಮಾಡಿಯೂ ಹೇಳಬೇಡಿ."

ಈ ಎಚ್ಚರಿಕೆಯ ಬೆಲೆ ದೊಡ್ಡದು. ೧೯೭೪ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಎಂಬ ವಿದುಷಿ ತನ್ನ ಸಹೋದ್ಯೋಗಿಯೊಡನೆ ಮಾಡಿದ ಪ್ರಯೋಗ ಪ್ರಸಿದ್ಧವಾಗಿದೆ. ಮೋಟಾರು ಅಪಘಾತದ ಚಿತ್ರವನ್ನು ತೋರಿಸಿ, ಕೆಲವರಿಗೆ ಗಾಡಿಗಳು 'ತಾಗಿದಾಗ' ವೇಗವೆಷ್ಟಿತ್ತೆಂದೂ ಕೆಲವರಿಗೆ 'ಅಪ್ಪಳಿಸಿದಾಗ' ಎಷ್ಟಿತ್ತೆಂದೂ ಕೇಳಿದರು. ಒಂದು ವಾರದ ಮೇಲೆ, ಒಡೆದ ಗಾಜನ್ನು ಕಂಡಿರಾ ಎಂಬ ಪ್ರಶ್ನೆ. 'ಅಪ್ಪಳಿಸಿದ' ಮಾತನ್ನು ಕೇಳಿದ್ದ ೫೦ ಜನರಲ್ಲಿ ೧೬ ಮಂದಿ ಕಂಡೆವೆಂದರು. ಇನ್ನೊಂದು ಗುಂಪಿನ ೫೦ರಲ್ಲಿ ೭ ಮಂದಿ. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ! ಒಂದು ಕ್ರಿಯಾಪದದಿಂದ ಇಷ್ಟು ವ್ಯತ್ಯಾಸವಾದರೆ, ಹಿಂದಿಯಿಂದ ಕನ್ನಡಕ್ಕೆ ದಾಟುವ ಪ್ರಶ್ನೆಯಲ್ಲಿ ಎಷ್ಟು ಗಾಜು ಒಡೆಯಬಹುದು! ಪರಭಾಷೆಯ ನಾಡಿನಲ್ಲಿ ನೆಲೆಸಿದ ನಮಗೆಲ್ಲ ಒಂದಲ್ಲ ಒಂದು ದಿನ ಇಂಥ ದುಭಾಷಿತನ ಬರುವುದರಿಂದ ಇದನ್ನು ಇಷ್ಟು ವಿಸ್ತರಿಸಿ ಹೇಳಿದೆ.

ಆ ಅಧಿಕಾರಿ ಕಳ್ಳನ ಅಂಗಿಯ ಬಣ್ಣವನ್ನು ಕೇಳಲಿಲ್ಲ. "ಆ ದಿನ ಬೆಳಿಗ್ಗೆ ಎದ್ದಾಗಿನಿಂದ ಹೇಳಲಿ. ಏನು ತಿಂದರು, ಯಾವ ಚಪ್ಪಲಿ ಹಾಕಿದರು, ಎಲ್ಲವನ್ನೂ ಹೇಳಲಿ," ಎಂದರು. ಆ ತಾಯಿ ಹೇಳತೊಡಗಿದರು. ನಡುವೆ ಮಾತು ನಿಂತಾಗ ಅಧಿಕಾರಿ ಸುಮ್ಮನೆ ಕಾದರು. ೧೯೮೦ರ ದಶಕದಲ್ಲಿ ಫಿಶರ್, ಗೈಸೆಲ್‌ಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಸಾಕ್ಷಿಗಳನ್ನು ಮಾತಾಡಿಸಲು ಇದೇ ಬಗೆಯ ಕ್ರಮವನ್ನು ರೂಪಿಸಿದರು: ಘಟನೆಯ ಸನ್ನಿವೇಶವನ್ನೆಲ್ಲ ಮನಸ್ಸಿನಲ್ಲಿ ಮತ್ತೆ ಕಟ್ಟಿಕೊಳ್ಳಲು ಬಿಡುವುದು, ನಡುವೆ ಬಾಯಿ ಹಾಕದಿರುವುದು, ತೋಚಿದ್ದನ್ನು ಚಿಕ್ಕದೆಂದು ಬಿಡದೆ ಹೇಳಿಸುವುದು. ನಮ್ಮ ಅಧಿಕಾರಿ ಅವರ ಪುಸ್ತಕವನ್ನು ಓದಿದ್ದರೋ, ಅನುಭವವೇ ಅವರಿಗೆ ಕಲಿಸಿತ್ತೋ, ನಾನು ಕೇಳಲಿಲ್ಲ.

ಕಥೆ ಬಳೆಯ ಹತ್ತಿರ ಬಂದಾಗ ಆ ತಾಯಿ ತಟ್ಟನೆ ನಿಂತರು. "ಬಳೆ, ಸರ ಎಣಿಸಿ ಕಟ್ಟಿದ. ಅದರೆ ಒಂದು, ಎರಡು ಅನ್ನಲಿಲ್ಲ. ಅವನು ಎಣಿಸಿದ್ದು ಕನ್ನಡದಲ್ಲಲ್ಲ!" ಎಂದರು. ಅಧಿಕಾರಿಯ ಲೇಖನಿ ಅಲ್ಲಿ ಮೊದಲ ಸಲ ವೇಗವಾಗಿ ಓಡಿತು. ದೊಡ್ಡಮ್ಮ, ಚಿಕ್ಕಮ್ಮ, ಅಣ್ಣ ಎಂಬ ಮಾತುಗಳನ್ನು ಕಸುಬಿಗಾಗಿ ಕಲಿಯಬಹುದು. ಕೈಗೆ ಬಂಗಾರ ಬಂದ ಅವಸರದಲ್ಲಿ ಎಣಿಕೆ ಮಾತ್ರ ತಾಯ್ನುಡಿಯಲ್ಲೇ ಬಂದಿರಬೇಕು. ಕಡೆಗೆ ಆ ಅಧಿಕಾರಿ ಲೇಖನಿಯನ್ನು ಕೆಳಗಿಟ್ಟು, "ಅಮ್ಮನಿಗೆ ಹೇಳಿ: ನಂಬಿದ್ದು ಅಪರಾಧವಲ್ಲ. ನಂಬಿಸಿ ಕದಿಯುವುದು ಅವನ ಕಸುಬು. ಅವನಿಗೆ ಇದು ನಿತ್ಯದ ಕೆಲಸ, ಅಮ್ಮನಿಗೆ ಜೀವಮಾನದಲ್ಲಿ ಒಂದು ದಿನ," ಎಂದರು. ಈ ಮಾತನ್ನು ಕನ್ನಡದಲ್ಲಿ ಹೇಳುವಾಗ ನನ್ನ ಗಂಟಲು ಕಟ್ಟಿತು.

ಬಳೆಗಳು ಸಿಕ್ಕಲಿಲ್ಲ. ಆದರೆ ಆ ರಾತ್ರಿ ಆ ತಾಯಿ ನಮ್ಮ ಮನೆಯಿಂದಲೇ ಮಗನಿಗೆ ಟೆಲಿಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಊಟ ಮಾಡಿದೆಯೇನಮ್ಮಾ?" ಎಂಬ ಪ್ರಶ್ನೆ ಬಂತು. ಆ ತಾಯಿ ಮೂರು ದಿನಗಳ ಮೇಲೆ ಹೊಟ್ಟೆತುಂಬ ಉಂಡರು.

ನೊಂದವರ ಮಾತಾಯಿತು, ತಪ್ಪು ಮಾಡಿದವನ ಬಾಯಿಂದ ನಿಜವನ್ನು ಹೊರಡಿಸುವುದು ಹೇಗೆ? ಇದಕ್ಕೆ ಯಂತ್ರಗಳೂ ಸೂಜಿಮದ್ದುಗಳೂ ಬಂದವು. ನಮ್ಮ ಬೆಂಗಳೂರಿನ ಪ್ರಯೋಗಶಾಲೆಯು ಅರೆಪ್ರಜ್ಞೆ ತರಿಸಿ ಮಾತಾಡಿಸುವ ಪರೀಕ್ಷೆಗೆ ಒಂದು ಕಾಲದಲ್ಲಿ ದೇಶಕ್ಕೆಲ್ಲ ಹೆಸರಾಗಿತ್ತು. ಆದರೆ ೨೦೧೦ರ ಮೇ ೫ರಂದು, ಸೆಲ್ವಿ ಮತ್ತು ಕರ್ನಾಟಕ ಸರಕಾರದ ನಡುವಣ ಮೊಕದ್ದಮೆಯಲ್ಲಿ, ಇಂಥ ಪರೀಕ್ಷೆಯನ್ನಾಗಲಿ ಸುಳ್ಳುಪತ್ತೆಯ ಯಂತ್ರವನ್ನಾಗಲಿ ಮೆದುಳಿನ ಅಲೆಗಳ ಪರೀಕ್ಷೆಯನ್ನಾಗಲಿ ಯಾರ ಮೇಲೂ ಬಲವಂತವಾಗಿ ನಡೆಸಕೂಡದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದೆಂಬುದು ನಮ್ಮ ಸಂವಿಧಾನದ ೨೦ನೆಯ ವಿಧಿಯ ಮಾತು. ಮಂಪರಿನಲ್ಲಿ ಬಂದ ಮಾತೆಲ್ಲ ಸತ್ಯವೆಂಬ ಭರವಸೆಯೂ ಇಲ್ಲ. ಮುಖ ನೋಡಿ ಮನಸ್ಸು ಓದುವ ಹಳೆಯ ಭ್ರಮೆಗೆ ಹೊಸ ಉಪಕರಣ ಸಿಕ್ಕಿತ್ತು, ಅಷ್ಟೆ.

ಹಾಗಾದರೆ ಅಪರಾಧಿಯ ಮನಸ್ಸನ್ನು ತಿಳಿಯುವ ದಾರಿ ಯಾವುದು? ಅದಕ್ಕೊಂದು ಉತ್ತರ ನಮ್ಮ ಕಾಶಿಯ ಮಗ್ಗುಲಲ್ಲೇ ಇದೆ. ಇಲ್ಲಿಯ ಕನ್ನಡ ಕುಟುಂಬಗಳು ಮಳೆಗಾಲ ಮುಗಿದ ಮೇಲೆ ಬುತ್ತಿ ಕಟ್ಟಿಕೊಂಡು ರಾಜದರಿ, ದೇವದರಿ ಜಲಪಾತಗಳನ್ನು ನೋಡಲು ಹೋಗುವುದುಂಟು. ಆ ಚಂದ್ರಪ್ರಭಾ ನದಿಯ ಕಡೆ, ಚಕಿಯಾದ ಬಳಿ, ೧೯೫೨ರಲ್ಲಿ ಅಣೆಕಟ್ಟು ಕಟ್ಟುವ ಕೆಲಸಕ್ಕೆ ಸೆರೆಯಾಳುಗಳನ್ನು ತಂದು ಗೋಡೆಯಿಲ್ಲದ ಸೆರೆಮನೆಯಲ್ಲಿ ಇರಿಸಿದರು. ಆಗ ಅದು ಬನಾರಸ ಜಿಲ್ಲೆ. ೧೯೯೭ರಿಂದ ಚಂದೌಲಿ ಜಿಲ್ಲೆ. ಇದರ ಹಿಂದೆ ಇದ್ದವರು ಕಾಶಿಯಲ್ಲೇ ಹುಟ್ಟಿ ಮುಂದೆ ೧೯೫೪ರಿಂದ ೧೯೬೦ರವರೆಗೆ ಉತ್ತರ ಪ್ರದೇಶದ ಮುಖ್ಯಮಂತ್ರಿಗಳಾಗಿದ್ದ ಡಾ. ಸಂಪೂರ್ಣಾನಂದರು. ಶಿಬಿರಕ್ಕೆ ಅವರ ಹೆಸರನ್ನೇ ಇಟ್ಟರು. ಸೆರೆಯಾಳುಗಳಿಗೆ ದುಡಿದದ್ದಕ್ಕೆ ಕೂಲಿ ಕೊಟ್ಟು, ಅದರಿಂದ ಊಟದ ಖರ್ಚನ್ನು ಮುರಿದುಕೊಳ್ಳುತ್ತಿದ್ದರು. ಓಡಿಹೋಗಲು ಕಾಡು ಸುತ್ತಲೂ ಇತ್ತು. ಓಡಿದವರು ಬಹಳ ಸ್ವಲ್ಪ. ಮುಂದೆ ನೌಗಢದಲ್ಲೂ, ೧೯೫೬ರಲ್ಲಿ ಮಿರ್ಜಾಪುರದ ಘುರ್ಮಾದಲ್ಲೂ ಇಂಥ ಶಿಬಿರಗಳಾದವು. ೧೯೫೭ರಲ್ಲಿ ವಿ. ಶಾಂತಾರಾಮರು ತೆಗೆದ 'ದೋ ಆಂಖೇ ಬಾರಹ್ ಹಾಥ್' ಚಿತ್ರವನ್ನು ಹಿರಿಯ ವಾಚಕರು ಮರೆತಿರಲಾರರು. ಅದಕ್ಕೆ ಮೂಲ ಔಂಧ ಸಂಸ್ಥಾನದ ಸ್ವತಂತ್ರಪುರದಲ್ಲಿ ನಡೆದ ಇಂಥದೇ ಪ್ರಯೋಗ.

ಸಂಶಯವನ್ನು ಕಂಡು ಬೆಳೆದವನಿಗೆ ವಿಶ್ವಾಸವನ್ನು ತೋರಿಸಿದರೆ ಮನಸ್ಸು ತಿರುಗಬಹುದು ಎಂಬುದು ಈ ಪ್ರಯೋಗಗಳ ತಿರುಳು. ಎಲ್ಲರ ಮನಸ್ಸೂ ತಿರುಗುತ್ತದೆಂದು ಯಾರೂ ಹೇಳಲಿಲ್ಲ. ಆರಿಸಿದವರನ್ನೇ ಅಲ್ಲಿಗೆ ಕಳುಹಿಸುತ್ತಿದ್ದರು. ಆದರೂ ನನಗೆ ಒಂದು ವಿಷಯ ಕೊರೆಯುತ್ತದೆ. ತಪ್ಪು ಮಾಡಿದವನಿಗೆ ಕೂಲಿ, ಗಾಳಿ, ಬೆಳಕು, ಗೌರವ ದೊರೆಯಬೇಕೆಂದು ದೇಶವು ೧೯೫೨ರಲ್ಲೇ ಯೋಚಿಸಿತು. ಅವನಿಂದ ನೊಂದವರಿಗೆ ಕಾಯಿದೆಯಲ್ಲಿ ಒಂದು ಸ್ಥಾನ ಸಿಗಲು ಎಷ್ಟು ತಡವಾಯಿತು! ಈ ಮಾತನ್ನು ಎತ್ತಿದವರಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರು ಒಬ್ಬರು. ಕರ್ನಾಟಕದ ಮುಖ್ಯ ನ್ಯಾಯಾಧೀಶರಾಗಿದ್ದ ಅವರ ಅಧ್ಯಕ್ಷತೆಯ ಸಮಿತಿ ೨೦೦೩ರಲ್ಲಿ ವರದಿ ಕೊಟ್ಟು, ನೊಂದವರಿಗೆ ಮೊಕದ್ದಮೆಯಲ್ಲಿ ಭಾಗವಹಿಸುವ ಹಕ್ಕೂ ಪರಿಹಾರವೂ ಇರಬೇಕೆಂದು ಸಲಹೆ ಮಾಡಿತು. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕುರಿತು ಆ ಸಮಿತಿ ಹೇಳಿದ್ದಕ್ಕೆ ಬಲವಾದ ಆಕ್ಷೇಪಣೆಗಳೂ ಬಂದವು. ಅದು ಬೇರೆ ವಿಚಾರ. ೨೦೦೮ರ ತಿದ್ದುಪಡಿಯಿಂದ ಪರಿಹಾರದ ಯೋಜನೆ ಕಾಯಿದೆಯಲ್ಲಿ ಸೇರಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಂತೆ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದರ ಪ್ರತಿಯನ್ನು ಹಣವಿಲ್ಲದೆ ಕೊಡಬೇಕು. ತನಿಖೆ ಎಲ್ಲಿಗೆ ಬಂದಿದೆಯೆಂಬುದನ್ನು ೯೦ ದಿನಗಳೊಳಗೆ ತಿಳಿಸಬೇಕು. ಊರು ಬಿಟ್ಟು ಊರಿಗೆ ಬಂದ ನಮ್ಮಂಥವರಿಗೆ ಇದು ಸಣ್ಣ ಅನುಕೂಲವಲ್ಲ.

ಘಾಟಿನಲ್ಲಿ 'ದೊಡ್ಡಮ್ಮಾ' ಎಂದವನು ಈಗ ಟೆಲಿಫೋನಿನಲ್ಲಿ ಬರುತ್ತಾನೆ. ಒಮ್ಮೊಮ್ಮೆ ಬ್ಯಾಂಕಿನವನಾಗಿ, ಒಮ್ಮೊಮ್ಮೆ ಪೋಲೀಸನಾಗಿ. 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ, ಮನೆಯವರಿಗೂ ಹೇಳಕೂಡದೆಂದು ಅಪ್ಪಣೆ ಮಾಡಿ, ವಿದ್ಯಾವಂತರನ್ನೇ ಗಂಟೆಗಟ್ಟಲೆ ಕೋಣೆಯೊಳಗೆ ಕೂರಿಸಿಬಿಡುತ್ತಾನೆ. ಅಂಥ ಬಂಧನ ನಮ್ಮ ಕಾಯಿದೆಯಲ್ಲೇ ಇಲ್ಲ. ಅವನು ಹಿಡಿಯುವುದು ಬುದ್ಧಿಯನ್ನಲ್ಲ. ಭಯ, ಮರ್ಯಾದೆ, ಒಂಟಿತನಗಳನ್ನು. ಹಣ ಹೋದ ಕೂಡಲೇ ೧೯೩೦ ಎಂಬ ಸಂಖ್ಯೆಗೆ ತಿಳಿಸಿದರೆ ಅದನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಉಂಟು. ತಡಮಾಡಿದಷ್ಟೂ ಅದು ಕೈದಾಟುತ್ತದೆ. ಅಂದಮೇಲೆ ನಾಚಿಕೆಯಿಂದ ಮುಚ್ಚಿಟ್ಟ ಒಂದೊಂದು ಗಂಟೆಯೂ ಕಳ್ಳನ ಪಾಲಿನ ಲಾಭ.

ಮಕ್ಕಳಿಗೆ, ಮುದುಕರಿಗೆ ಎಚ್ಚರಿಕೆ ಹೇಳುವುದು ಬೇಡವೆನ್ನುತ್ತಿಲ್ಲ. ಕೇಡು ಆಗುವ ಮೊದಲು ಅದನ್ನು ಧಾರಾಳವಾಗಿ ಹೇಳೋಣ. ಆದಮೇಲೆ ಹೇಳಿದರೆ ಅದು ಎಚ್ಚರಿಕೆಯಲ್ಲ, ಎರಡನೆಯ ಪೆಟ್ಟು. ತನಿಖೆಯ ಮೊದಲ ಠಾಣೆ ಪೋಲೀಸರದ್ದಲ್ಲ, ನಮ್ಮ ಅಡುಗೆಮನೆ. ಮೊದಲ ಅಧಿಕಾರಿಗಳು ನಾವೇ. ನಮ್ಮ ಮನೆಯವರೊಬ್ಬರು ಮೋಸಹೋಗಿ ಬಾಗಿಲಲ್ಲಿ ಬಂದು ನಿಂತ ದಿನ, 'ಹೀಗೇಕೆ ಮಾಡಿದೆ?' ಎಂಬ ಮಾತು ನಾಲಗೆಯ ತುದಿಗೆ ಬಂದರೂ ಅದನ್ನು ನುಂಗಿಕೊಂಡು, 'ಬಾ, ಕೂತುಕೋ, ನಿಧಾನವಾಗಿ ಹೇಳು' ಎನ್ನೋಣ. ಅಷ್ಟನ್ನು ಹೇಳಲು ಮನಶ್ಶಾಸ್ತ್ರವನ್ನು ಓದಿರಬೇಕಾಗಿಲ್ಲ.